ಕದ್ದ ರೊಕ್ಕ ಗಡಿ ದಾಟಿದ ಮೇಲೆ ವಾಪಸ್ ಬರುವುದು ಹೇಗೆ?

ಬೆಳಗಿನ ಜಾವ ಲೋಕಾಯುಕ್ತ ದಾಳಿ, ಅಧಿಕಾರಿಯ ಮನೆಯಲ್ಲಿ ಇಷ್ಟು ತೊಲ ಬಂಗಾರ, ಇಷ್ಟು ಲಕ್ಷ ನಗದು, ಇಷ್ಟು ಸೈಟು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಯಾವ ಜಿಲ್ಲೆಯದೇ ಇರಲಿ, ಈ ಸುದ್ದಿ ಟಿವಿಯಲ್ಲಿ ಒಂದೆರಡು ದಿನ ಓಡುತ್ತದೆ. ಆಮೇಲೆ ಎಲ್ಲರೂ ಮರೆಯುತ್ತಾರೆ. ನಾನು ವಿಜಯಪುರದಲ್ಲಿ ಅಂಗಡಿಯವರ, ದ್ರಾಕ್ಷಿ ಬೆಳೆಗಾರರ ಲೆಕ್ಕಪತ್ರ ನೋಡಿಕೊಳ್ಳುವವನು. ಇಂಥ ಸುದ್ದಿ ಬಂದಾಗ ಆಫೀಸಿಗೆ ಬಂದವರು ಹೇಳುವ ಮಾತು ಹೆಚ್ಚುಕಮ್ಮಿ ಹೀಗೇ ಇರುತ್ತದೆ: "ಹೋದ ರೊಕ್ಕ ಹೋತ್ರಿ ಸರ. ಅದು ತಿರುಗಿ ಬಂದದ್ದು ಎಲ್ಲೆರ ನೋಡೀರೇನು?"

ಬಂದದ್ದಿದೆ. ಸ್ವಿಟ್ಜರ್‌ಲ್ಯಾಂಡಿನ ಬ್ಯಾಂಕಿನಿಂದ ಫಿಲಿಪ್ಪೀನ್ಸ್‌ಗೆ ಬಂದಿದೆ, ನೈಜೀರಿಯಾಕ್ಕೆ ಬಂದಿದೆ, ಕಜಕಿಸ್ತಾನದ ಬಡ ಮಕ್ಕಳಿಗೆ ತಲುಪಿದೆ. ಆದರೆ ಹತ್ತು, ಹದಿನೈದು, ಇಪ್ಪತ್ತು ವರ್ಷ ಹಿಡಿದಿದೆ. ಕದ್ದದ್ದರಲ್ಲಿ ಬಂದದ್ದು ಸ್ವಲ್ಪವೇ. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಅಂದಾಜನ್ನೇ ನೋಡಿ. ಬಡ ದೇಶಗಳಿಂದ ವರ್ಷಕ್ಕೆ 2,000 ಕೋಟಿಯಿಂದ 4,000 ಕೋಟಿ ಡಾಲರ್ ಲೂಟಿಯಾಗುತ್ತದೆ ಎಂದು 2007ರಲ್ಲಿ ಅವು ಹೇಳಿದವು. 2011ರಲ್ಲಿ ಇನ್ನೊಂದು ಲೆಕ್ಕ ಕೊಟ್ಟವು: ಹಿಂದಿನ ಹದಿನೈದು ವರ್ಷಗಳಲ್ಲಿ ಒಟ್ಟಾರೆ ವಾಪಸ್ ಬಂದದ್ದು ಸುಮಾರು 500 ಕೋಟಿ ಡಾಲರ್. ಇವು ಪಕ್ಕಾ ಲೆಕ್ಕವಲ್ಲ, ಅಂದಾಜು. ಆದರೂ ಅಂತರ ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ, ಅಲ್ವಾ?

ಈ ಅಂತರ ಯಾಕೆ, ಅದನ್ನು ಕಡಿಮೆ ಮಾಡಲು ಜಗತ್ತು ಏನೇನು ಮಾಡಿದೆ ಅನ್ನುವುದನ್ನು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ. ನನಗೆ ಮುಖ್ಯವಾಗಿ ಕಾಣುವ ಪ್ರಶ್ನೆ ಮಾತ್ರ ಇನ್ನೊಂದಿದೆ: ವಾಪಸ್ ಬಂದ ರೊಕ್ಕ ಯಾರ ಕೈ ಸೇರಬೇಕು? ಕಾನೂನು, ಒಪ್ಪಂದ ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಅಲ್ಲೇ.

ರೊಕ್ಕ ಹೋಗುವ ದಾರಿ

ಮೊದಲು ರೊಕ್ಕ ಹೇಗೆ ಹೊರಗೆ ಹೋಗುತ್ತದೆ ಅಂತ ನೋಡೋಣ. ಒಂದು ಉದಾಹರಣೆ ಕಟ್ಟಿಕೊಳ್ಳೋಣ, ಇದು ಯಾರನ್ನೂ ಕುರಿತದ್ದಲ್ಲ. ಕೃಷ್ಣೆಯ ದಡದ ಒಂದು ತಾಲೂಕಿನಲ್ಲಿ 100 ಕೋಟಿ ರೂಪಾಯಿಯ ಕಾಲುವೆ ಕೆಲಸ. ಅದರಲ್ಲಿ 10 ಕೋಟಿ ಕಮಿಷನ್ ಅಂತ ಮಾತಾಗಿದೆ. ಗುತ್ತಿಗೆದಾರ ಆ 10 ಕೋಟಿಯನ್ನು ಲೆಕ್ಕದಲ್ಲಿ ಕಮಿಷನ್ ಅಂತ ಬರೆಯಲು ಆಗುವುದಿಲ್ಲ. ಆಗದ ಕೆಲಸಕ್ಕೆ ಅಳತೆ ಪುಸ್ತಕದಲ್ಲಿ ಅಳತೆ ಬರೆಸುತ್ತಾನೆ. ಇಲ್ಲವೇ ಹೆಸರಿಗೆ ಮಾತ್ರ ಇರುವ ಸಬ್ ಕಾಂಟ್ರಾಕ್ಟರ್ ಹೆಸರಲ್ಲಿ ಬಿಲ್ ಮಾಡಿ, ಆ ಖಾತೆಯಿಂದ ನಗದು ತೆಗೆಸುತ್ತಾನೆ. ಈಗ ಕೈಯಲ್ಲಿ ನಗದು ಇದೆ.

ಈ ನಗದನ್ನು ಬ್ಯಾಂಕಿಗೆ ಹಾಕಿದರೆ ತೊಂದರೆ. 10 ಲಕ್ಷ ಮೀರಿದ ನಗದು ವ್ಯವಹಾರದ ವರದಿಯನ್ನು ಬ್ಯಾಂಕು ದಿಲ್ಲಿಯ ಹಣಕಾಸು ಗುಪ್ತಚರ ಘಟಕಕ್ಕೆ ಕಳಿಸಲೇಬೇಕು. ಸಿಂದಗಿಯ ಶಾಖೆಯಾಗಲಿ, ಗೋಕಾಕದ ಶಾಖೆಯಾಗಲಿ, ನಿಯಮ ಅದೇ. ಮೊತ್ತ ಸಣ್ಣದಿದ್ದರೂ ವ್ಯವಹಾರದ ರೀತಿ ಅನುಮಾನಾಸ್ಪದ ಅನ್ನಿಸಿದರೆ ಅದಕ್ಕೂ ಬೇರೆ ವರದಿ ಇದೆ. ಆದ್ದರಿಂದ ಹವಾಲಾ. ಇಲ್ಲಿ ಒಬ್ಬನ ಕೈಗೆ ನಗದು ಕೊಟ್ಟರೆ, ದುಬೈಯಲ್ಲಿ ಇನ್ನೊಬ್ಬ ಅಷ್ಟೇ ಮೊತ್ತವನ್ನು ದಿರ್ಹಮಿನಲ್ಲಿ ಕೊಡುತ್ತಾನೆ. ಗಡಿ ದಾಟಿ ಒಂದು ನೋಟೂ ಹೋಗುವುದಿಲ್ಲ. ಎಷ್ಟೋ ಸಲ ರಸೀದಿ ಅಂದರೆ ಒಂದು ಹತ್ತು ರೂಪಾಯಿ ನೋಟಿನ ನಂಬರು. ಆ ನಂಬರು ಹೇಳಿದವನಿಗೆ ರೊಕ್ಕ, ಅಷ್ಟೇ.

ಇನ್ನೊಂದು ದಾರಿ ವ್ಯಾಪಾರದ್ದು. ದುಬೈಯಲ್ಲಿ ತಮ್ಮದೇ ಒಂದು ಕಂಪನಿ ಇಟ್ಟುಕೊಂಡು, 1 ಕೋಟಿಯ ಯಂತ್ರಕ್ಕೆ ಅಲ್ಲಿಂದ 3 ಕೋಟಿಯ ಬಿಲ್ ಹಾಕಿಸುವುದು. 3 ಕೋಟಿ ಬ್ಯಾಂಕಿನ ಮೂಲಕವೇ ಹೋಗುತ್ತದೆ, ಕಸ್ಟಮ್ಸ್ ಕಾಗದ ಸರಿ ಇರುತ್ತದೆ, ಆದರೆ 2 ಕೋಟಿ ಹೊರಗೆ ಉಳಿಯಿತು. ಲೆಕ್ಕ ನೋಡುವ ನಮ್ಮಂಥವರಿಗೆ ಇದೇ ಎಲ್ಲಕ್ಕಿಂತ ಗಟ್ಟಿ ಕಳ್ಳತನ ಅನ್ನಿಸುತ್ತದೆ. ಯಾಕೆಂದರೆ ಆ ಯಂತ್ರಕ್ಕೆ ಮಾರುಕಟ್ಟೆಯಲ್ಲಿ ನಿಜಕ್ಕೂ ಎಷ್ಟು ಅಂತ ಗೊತ್ತಿದ್ದವನಿಗೆ ಮಾತ್ರ ಇದು ಕಾಣುತ್ತದೆ.

ದುಬೈಯಲ್ಲೂ ರೊಕ್ಕ ಅವನ ಹೆಸರಲ್ಲಿ ಇರುವುದಿಲ್ಲ. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಒಂದು ಕಂಪನಿ, ಅದಕ್ಕೆ ಬಾಡಿಗೆ ನಿರ್ದೇಶಕ, ಅದರ ಷೇರು ಇನ್ನೊಂದು ದೇಶದ ಟ್ರಸ್ಟಿನ ಹೆಸರಲ್ಲಿ, ಆ ಟ್ರಸ್ಟಿನ ಫಲಾನುಭವಿ ಅವನ ಮಗ. ಕೊನೆಗೆ ಲಂಡನ್ನಿನಲ್ಲಿ ಒಂದು ಫ್ಲಾಟು. ಫ್ಲಾಟಿನ ಕಾಗದದಲ್ಲಿ ಇರುವುದು ಕಂಪನಿಯ ಹೆಸರು. 2016ರಲ್ಲಿ ಪನಾಮಾದ ಮೊಸಾಕ್ ಫೊನ್ಸೆಕಾ ಎಂಬ ಕಾನೂನು ಸಂಸ್ಥೆಯ 1.15 ಕೋಟಿ ಕಾಗದಗಳು ಹೊರಬಂದಾಗ ಇಂಥ ಎರಡು ಲಕ್ಷಕ್ಕೂ ಜಾಸ್ತಿ ಕಂಪನಿಗಳು ಅದರಲ್ಲಿದ್ದವು. ಒಂದೇ ಸಂಸ್ಥೆ ಮಾಡಿಕೊಟ್ಟದ್ದು ಅಷ್ಟು.

ಕೊಟ್ಟವನು, ತೆಗೆದುಕೊಂಡವನು ಇಬ್ಬರ ಬಗ್ಗೆಯೂ ನಾವು ಮಾತಾಡುತ್ತೇವೆ. ಇಟ್ಟುಕೊಂಡವನ ಬಗ್ಗೆ ಮಾತಾಡುವುದು ಕಡಿಮೆ. ಭ್ರಷ್ಟಾಚಾರ ಕಡಿಮೆ ಇರುವ ದೇಶಗಳ ಪಟ್ಟಿಯಲ್ಲಿ ಡೆನ್ಮಾರ್ಕ್ ವರ್ಷವರ್ಷವೂ ಮೇಲೆಯೇ ಇರುತ್ತದೆ. ಆದರೆ ಅದೇ ಡೆನ್ಮಾರ್ಕಿನ ಅತಿ ದೊಡ್ಡ ಬ್ಯಾಂಕಾದ ಡಾನ್ಸ್ಕೆ ಬ್ಯಾಂಕಿನ ಎಸ್ಟೋನಿಯಾ ಶಾಖೆಯ ಮೂಲಕ 2007ರಿಂದ 2015ರ ನಡುವೆ ಸುಮಾರು 20,000 ಕೋಟಿ ಯೂರೋ ಹರಿದುಹೋಯಿತು, ಅದರಲ್ಲಿ ಬಹುಪಾಲು ಅನುಮಾನದ ಹಣ. 2022ರಲ್ಲಿ ಬ್ಯಾಂಕು ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು ಸುಮಾರು 200 ಕೋಟಿ ಡಾಲರ್ ಕಟ್ಟಿತು. ಬಡ ದೇಶದ ಕಳ್ಳನಿಗೆ ಶ್ರೀಮಂತ ದೇಶದ ತಿಜೋರಿ ಬೇಕೇ ಬೇಕು. ತಿಜೋರಿ ಕೊಟ್ಟವರನ್ನು ಕೇಳದೆ ಈ ಮಾತು ಪೂರ್ತಿಯಾಗುವುದಿಲ್ಲ.

ಒಪ್ಪಂದಗಳ ಕಥೆ

ಹಿಂದೆ ವಿದೇಶದಲ್ಲಿ ಲಂಚ ಕೊಡುವುದು ಅಪರಾಧವೇ ಆಗಿರಲಿಲ್ಲ. ಅಮೆರಿಕದ ಲಾಕ್‌ಹೀಡ್ ವಿಮಾನ ಕಂಪನಿ ಜಪಾನ್, ಇಟಲಿ ಮೊದಲಾದ ದೇಶಗಳ ದೊಡ್ಡವರಿಗೆ ಲಂಚ ಕೊಟ್ಟದ್ದು ಬಯಲಾದ ಮೇಲೆ, 1977ರಲ್ಲಿ ಅಮೆರಿಕ ಮೊದಲ ಬಾರಿಗೆ ಇದನ್ನು ಅಪರಾಧ ಮಾಡಿತು. ಶ್ರೀಮಂತ ದೇಶಗಳ ಕೂಟ ಒಇಸಿಡಿ 1997ರಲ್ಲಿ ಇದೇ ಬಗೆಯ ಒಪ್ಪಂದ ಮಾಡಿಕೊಂಡಿತು. ಭಾರತ ಅದಕ್ಕೆ ಇನ್ನೂ ಸೇರಿಲ್ಲ. 2025ರ ಫೆಬ್ರುವರಿಯಲ್ಲಿ ಅಮೆರಿಕದ ಅಧ್ಯಕ್ಷ ಟ್ರಂಪ್ ತಮ್ಮ ದೇಶದ ಆ ಹಳೆಯ ಕಾನೂನಿನ ಜಾರಿಯನ್ನೇ ಕೆಲವು ತಿಂಗಳು ತಡೆಹಿಡಿದರು. ಐವತ್ತು ವರ್ಷ ದಾರಿ ತೋರಿಸಿದ ದೇಶವೇ ಹಿಂದೆ ಸರಿದರೆ ಉಳಿದವರಿಗೆ ಏನು ಧೈರ್ಯ ಬರಬೇಕು? ನನಗೆ ಇದು ನಿಜಕ್ಕೂ ಬೇಸರದ ಸುದ್ದಿ.

ಎಲ್ಲಕ್ಕಿಂತ ದೊಡ್ಡ ಒಪ್ಪಂದ ವಿಶ್ವಸಂಸ್ಥೆಯದು. 2003ರ ಡಿಸೆಂಬರ್ 9ರಂದು ಮೆಕ್ಸಿಕೋದ ಮೆರಿಡಾ ನಗರದಲ್ಲಿ ಸಹಿಗೆ ಇಟ್ಟರು. ಆ ದಿನವೇ ಈಗ ಭ್ರಷ್ಟಾಚಾರ ವಿರೋಧಿ ದಿನ. ಒಪ್ಪಂದ 2005ರಲ್ಲಿ ಜಾರಿಗೆ ಬಂತು, ಭಾರತ 2011ರ ಮೇ ತಿಂಗಳಲ್ಲಿ ಪೂರ್ತಿಯಾಗಿ ಒಪ್ಪಿಕೊಂಡಿತು. ಇದರ ಐದನೇ ಅಧ್ಯಾಯ ಪೂರ್ತಿ ಕದ್ದ ಆಸ್ತಿಯ ವಾಪಸಾತಿಗೆ ಮೀಸಲು. ಅದಕ್ಕೆ ಮೊದಲು ಕಳ್ಳ ಹಣ ವಾಪಸ್ ಕೊಡುವುದು ಇಟ್ಟುಕೊಂಡ ದೇಶದ ದೊಡ್ಡತನಕ್ಕೆ ಬಿಟ್ಟ ವಿಷಯ. ಈಗ ಸರ್ಕಾರದ ಖಜಾನೆಯಿಂದ ನುಂಗಿದ ಹಣ ಸಿಕ್ಕಿ, ಕೋರ್ಟಿನ ತೀರ್ಪೂ ಇದ್ದರೆ, ಕೇಳಿದ ದೇಶಕ್ಕೆ ಅದನ್ನು ಕೊಡಲೇಬೇಕು. "ನಮ್ಮಲ್ಲಿ ಬ್ಯಾಂಕ್ ಗುಟ್ಟು ಹೇಳುವುದಿಲ್ಲ" ಅನ್ನುವ ಕಾರಣಕ್ಕೆ ಸಹಾಯ ನಿರಾಕರಿಸುವಂತಿಲ್ಲ. ಕೇಳುವ ದೇಶ ಅಲ್ಲಿನ ಸಿವಿಲ್ ಕೋರ್ಟಿನಲ್ಲಿ ನೇರವಾಗಿ ದಾವೆ ಹೂಡಿ "ಈ ಆಸ್ತಿ ನಮ್ಮದು" ಅಂತಲೂ ಹೇಳಬಹುದು.

ಇದರ ಪಕ್ಕದಲ್ಲಿ 1989ರಲ್ಲಿ ಹುಟ್ಟಿದ ಎಫ್‌ಎಟಿಎಫ್ ಇದೆ. ಕಪ್ಪು ಹಣ ಬಿಳಿ ಮಾಡುವುದನ್ನು ತಡೆಯಲು 40 ನಿಯಮ ಮಾಡಿ, ಯಾವ ದೇಶ ಎಷ್ಟು ಪಾಲಿಸುತ್ತಿದೆ ಅಂತ ನೋಡುವ ಕೂಟ ಅದು. ಭಾರತ 2010ರಿಂದ ಸದಸ್ಯ. ಬ್ಯಾಂಕಿಗೆ ಹೋದರೆ ಪದೇ ಪದೇ ಕೆವೈಸಿ ಕೇಳುತ್ತಾರೆ ಅಂತ ನಮ್ಮ ಗಿರಾಕಿಗಳು ಬೈಯುತ್ತಾರಲ್ಲ, ಅದರ ಬೇರು ಇಲ್ಲಿದೆ. 2007ರಲ್ಲಿ ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆ ಸೇರಿ ಸ್ಟಾರ್ ಎಂಬ ಕಾರ್ಯಕ್ರಮ ಶುರುಮಾಡಿದವು. ಕೇಸು ನಡೆಸಲು ಅನುಭವವಿಲ್ಲದ ದೇಶಗಳಿಗೆ ಅದು ದಾರಿ ಹೇಳಿಕೊಡುತ್ತದೆ. 2018ರ ಬಳಿಕದ ಖಾತೆಗಳ ವಿವರವನ್ನು ಸ್ವಿಟ್ಜರ್‌ಲ್ಯಾಂಡ್ ತಾನಾಗಿಯೇ ವರ್ಷಕ್ಕೊಮ್ಮೆ ಭಾರತಕ್ಕೆ ಕಳಿಸುತ್ತಿದೆ. ಮೊದಲ ಕಂತು ಬಂದದ್ದು 2019ರ ಸೆಪ್ಟೆಂಬರಿನಲ್ಲಿ. ಆದರೆ ಅದು ಮುಖ್ಯವಾಗಿ ತೆರಿಗೆಗಾಗಿ ಬರುವ ಮಾಹಿತಿ, ಪಟ್ಟಿ ಬಂತೆಂದರೆ ರೊಕ್ಕ ಬಂತು ಅಂತ ಅರ್ಥವಲ್ಲ.

ಇಷ್ಟೆಲ್ಲ ಇದ್ದೂ ತಡ ಯಾಕೆ?

ಉತ್ತರ ತಿಳಿಯಬೇಕಾದರೆ ಒಂದು ಪತ್ರದ ಹಿಂದೆ ಹೋಗಬೇಕು. ನಮ್ಮ ಕಾಲುವೆ ಉದಾಹರಣೆಗೇ ಬರೋಣ. ತನಿಖಾಧಿಕಾರಿಗೆ ಜ್ಯೂರಿಕ್‌ನ ಒಂದು ಖಾತೆಯ ಸುಳಿವು ಸಿಕ್ಕಿದೆ. ಅವನು ಅಲ್ಲಿಗೆ ಫೋನ್ ಮಾಡಿ ಖಾತೆ ತಡೆಯಿರಿ ಅನ್ನುವಂತಿಲ್ಲ. ಕೇಂದ್ರ ಗೃಹ ಸಚಿವಾಲಯದ ಒಪ್ಪಿಗೆ ಬೇಕು, ನಮ್ಮ ಕೋರ್ಟಿನಿಂದ ವಿದೇಶಿ ಅಧಿಕಾರಿಗೆ ಕೋರಿಕೆ ಪತ್ರ ಹೊರಡಬೇಕು. ಲೆಟರ್ ರೊಗೇಟರಿ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ, ಅದೇ. ಅದರ ಜತೆ ಕೇಸಿನ ಕಾಗದ ಹೋಗಬೇಕು. ನಮ್ಮ ಕಡೆಯ ಎಫ್‌ಐಆರ್ ಕನ್ನಡದಲ್ಲಿ, ಪಂಚನಾಮೆ ಕನ್ನಡದಲ್ಲಿ, ಸಾಕ್ಷಿ ಹೇಳಿಕೆ ಕನ್ನಡದಲ್ಲಿ, ಅಳತೆ ಪುಸ್ತಕದ ಷರಾ ಎಂಜಿನಿಯರನ ಕೈಬರಹದಲ್ಲಿ. ಸ್ವಿಟ್ಜರ್‌ಲ್ಯಾಂಡಿಗೆ ಕೊಡುವ ಕೋರಿಕೆ ಜರ್ಮನ್, ಫ್ರೆಂಚ್ ಅಥವಾ ಇಟಾಲಿಯನ್ ಭಾಷೆಯಲ್ಲಿ ಇರಬೇಕು. ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಜರ್ಮನ್ನಿಗೆ. ಎಲ್ಲೋ ಒಂದು ತಾರೀಖು ತಪ್ಪಿದರೆ, ಖಾತೆದಾರನ ಹೆಸರಿನ ಸ್ಪೆಲಿಂಗ್ ಎರಡು ಕಡೆ ಎರಡು ಥರ ಇದ್ದರೆ, ಅಲ್ಲಿನ ವಕೀಲ ಅದನ್ನೇ ಹಿಡಿದು ವರ್ಷ ಎಳೆಯುತ್ತಾನೆ.

ಆಮೇಲೆ ಅವರು ಕೇಳುವ ಪ್ರಶ್ನೆಗಳು. ನೀವು ಹೇಳುವ ಅಪರಾಧ ನಮ್ಮ ದೇಶದಲ್ಲೂ ಅಪರಾಧವೇ? ಖಾತೆಯಲ್ಲಿರುವ ಇದೇ ರೊಕ್ಕ ಆ ಕಾಲುವೆಯಿಂದಲೇ ಬಂತು ಎನ್ನುವುದಕ್ಕೆ ಕೊಂಡಿ ಎಲ್ಲಿ? ಎರಡನೆಯದೇ ಕಷ್ಟದ್ದು. ನಗದಾಗಿ ಹವಾಲಾದಲ್ಲಿ ಹೋದ ರೊಕ್ಕಕ್ಕೆ ಬ್ಯಾಂಕ್ ಕೊಂಡಿಯೇ ಇರುವುದಿಲ್ಲ. ಇಷ್ಟರಲ್ಲಿ ಆರೋಪಿಗೆ ಸುದ್ದಿ ಮುಟ್ಟಿದ್ದರೆ ಖಾತೆ ಖಾಲಿ. ವಿದ್ಯುತ್ ವೇಗದಲ್ಲಿ ಹಣ ಓಡುತ್ತದೆ, ಪತ್ರ ಮಾತ್ರ ಕಚೇರಿಯಿಂದ ಕಚೇರಿಗೆ ನಡೆದುಕೊಂಡು ಹೋಗುತ್ತದೆ. ಹಾಗಾಗಿ ಈ ಕೆಲಸ ಬಲ್ಲವರು ಮೊದಲು ನೋಡುವುದು ಶಿಕ್ಷೆಯನ್ನಲ್ಲ. ಆಸ್ತಿಯನ್ನು ಇದ್ದ ಜಾಗದಲ್ಲೇ ತಡೆದು ನಿಲ್ಲಿಸಲು ಆಗುತ್ತದೆಯೇ ಅಂತ ನೋಡುತ್ತಾರೆ. ಒಮ್ಮೆ ತಡೆದರೆ ಕೇಸು ಹತ್ತು ವರ್ಷ ನಡೆದರೂ ರೊಕ್ಕ ಅಲ್ಲೇ ಇರುತ್ತದೆ.

ಫಿಲಿಪ್ಪೀನ್ಸ್ ಗೆದ್ದದ್ದು ಹೀಗೆಯೇ. 1986ರ ಫೆಬ್ರುವರಿಯಲ್ಲಿ ಜನ ಬೀದಿಗಿಳಿದಾಗ ಸರ್ವಾಧಿಕಾರಿ ಮಾರ್ಕೋಸ್ ಹವಾಯಿಗೆ ಓಡಿದ. ಅರಮನೆಯಲ್ಲಿ ಸಿಕ್ಕ ಕಾಗದಗಳಲ್ಲಿ ಸ್ವಿಸ್ ಖಾತೆಗಳ ಸುಳಿವಿತ್ತು. 1968ರಲ್ಲೇ ಅವನು "ವಿಲಿಯಂ ಸಾಂಡರ್ಸ್" ಅಂತಲೂ ಅವನ ಹೆಂಡತಿ ಇಮೆಲ್ಡಾ "ಜೇನ್ ರಯಾನ್" ಅಂತಲೂ ಸುಳ್ಳು ಹೆಸರಲ್ಲಿ ಖಾತೆ ತೆರೆದಿದ್ದರು. ಹೊಸ ಅಧ್ಯಕ್ಷೆ ಕೊರಾಜಾನ್ ಅಕಿನೊ ಅಧಿಕಾರಕ್ಕೆ ಬಂದ ಕೂಡಲೇ ಹೊರಡಿಸಿದ ಮೊದಲ ಆದೇಶವೇ ಈ ಆಸ್ತಿ ಹುಡುಕುವ ಆಯೋಗದ್ದು. ಮುಂದಿನ ತಿಂಗಳೇ ಸ್ವಿಟ್ಜರ್‌ಲ್ಯಾಂಡ್ ಖಾತೆ ತಡೆಹಿಡಿಯಿತು. ರೊಕ್ಕ ಮನಿಲಾಕ್ಕೆ ಬಂದು ಮುಟ್ಟಿದ್ದು 2004ರಲ್ಲಿ, ಸುಮಾರು 68 ಕೋಟಿ ಡಾಲರ್. ನಡುವಿನ ಹದಿನೆಂಟು ವರ್ಷ ಕೋರ್ಟಿನಲ್ಲಿ ಹೋಯಿತು. ಆದರೆ ಆ ಒಂದು ತಿಂಗಳಲ್ಲಿ ತಡೆಯದೇ ಇದ್ದಿದ್ದರೆ ಹದಿನೆಂಟು ವರ್ಷ ಹೋರಾಡಲು ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ಹೈಟಿಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿನ ಸರ್ವಾಧಿಕಾರಿ ದುವಾಲಿಯೆ ಕೂಡ ಅದೇ 1986ರ ಫೆಬ್ರುವರಿಯಲ್ಲಿ ಓಡಿಹೋದ. ಅವನ ಸ್ವಿಸ್ ಖಾತೆಗಳನ್ನೂ ತಡೆದರು. ಆದರೆ ಹೈಟಿಯ ಕೋರ್ಟು, ಪೊಲೀಸು ಯಾವುದಕ್ಕೂ ಕೇಸು ನಡೆಸುವ ಶಕ್ತಿ ಇರಲಿಲ್ಲ. ವರ್ಷಗಳು ಉರುಳಿ ಅಪರಾಧದ ಕಾಲಮಿತಿಯೇ ಮುಗಿಯಿತು. 2010ರ ಜನವರಿ 12ರಂದು ಸ್ವಿಸ್ ಸುಪ್ರೀಂ ಕೋರ್ಟು, ಹೈಟಿಗೆ ರೊಕ್ಕ ಕೊಡಲು ಆಗುವುದಿಲ್ಲ ಅಂತ ತೀರ್ಪು ಕೊಟ್ಟಿತು. ಅಂದರೆ ರೊಕ್ಕ ದುವಾಲಿಯೆ ಮನೆಯವರಿಗೇ ವಾಪಸ್. ಅದೇ ದಿನ ಹೈಟಿಯಲ್ಲಿ ಭೂಕಂಪವಾಗಿ ಲಕ್ಷಾಂತರ ಜನ ಸತ್ತರು. ಸ್ವಿಸ್ ಸರ್ಕಾರಕ್ಕೇ ಇದನ್ನು ಸಹಿಸಲು ಆಗಲಿಲ್ಲ. ತನ್ನ ವಿಶೇಷ ಅಧಿಕಾರ ಬಳಸಿ ಖಾತೆಯನ್ನು ಮತ್ತೆ ತಡೆಯಿತು. 2011ರ ಫೆಬ್ರುವರಿಯಲ್ಲಿ ಹೊಸ ಕಾನೂನು ಜಾರಿಗೆ ತಂದಿತು: ಕಳವಾದ ದೇಶಕ್ಕೆ ಕೇಸು ನಡೆಸುವ ಶಕ್ತಿ ಇಲ್ಲದಿದ್ದರೂ, ಅಧಿಕಾರದಲ್ಲಿದ್ದಾಗ ಲೆಕ್ಕಕ್ಕೆ ಸಿಗದಷ್ಟು ಆಸ್ತಿ ಬೆಳೆದಿದ್ದರೆ ಸ್ವಿಸ್ ಸರ್ಕಾರವೇ ಮುಟ್ಟುಗೋಲು ಹಾಕಬಹುದು. ಜನ ಅದನ್ನು ದುವಾಲಿಯೆ ಕಾನೂನು ಅಂತಲೇ ಕರೆದರು.

ಇಲ್ಲಿ ಒಂದು ದೊಡ್ಡ ಬದಲಾವಣೆ ಇದೆ. ಸಾಮಾನ್ಯವಾಗಿ ಅಪರಾಧ ಸಾಬೀತು ಮಾಡುವ ಹೊಣೆ ಸರ್ಕಾರದ್ದು. ನೈಜೀರಿಯಾದ ಸರ್ವಾಧಿಕಾರಿ ಅಬಾಚಾ ಕೇಸಿನಲ್ಲಿ 2005ರಲ್ಲಿ ಸ್ವಿಸ್ ಕೋರ್ಟು, ಅವನ ಕೂಟವೇ ಅಪರಾಧಿ ಗುಂಪಿನ ಹಾಗೆ ನಡೆದಿದೆ, ಆದ್ದರಿಂದ ರೊಕ್ಕ ನ್ಯಾಯವಾಗಿ ಬಂದದ್ದು ಅಂತ ಮನೆಯವರೇ ತೋರಿಸಲಿ ಎಂದಿತು. ಬ್ರಿಟನ್ 2018ರಿಂದ ಇಂಥದ್ದೇ ಒಂದು ಆದೇಶದ ಪದ್ಧತಿ ತಂದಿದೆ: ಈ ಮನೆ ಕೊಳ್ಳಲು ರೊಕ್ಕ ಎಲ್ಲಿಂದ ಬಂತು ಹೇಳಿ, ಹೇಳದಿದ್ದರೆ ಮನೆ ಹೋಗಬಹುದು. ಅಜರ್‌ಬೈಜಾನಿನ ಸರ್ಕಾರಿ ಬ್ಯಾಂಕಿನ ಮಾಜಿ ಮುಖ್ಯಸ್ಥನೊಬ್ಬನ ಹೆಂಡತಿಗೆ ಮೊದಲ ಆದೇಶ ಬಂತು. ಆಕೆ ಹತ್ತು ವರ್ಷದಲ್ಲಿ ಲಂಡನ್ನಿನ ಹ್ಯಾರಡ್ಸ್ ಅಂಗಡಿ ಒಂದರಲ್ಲೇ 1.6 ಕೋಟಿ ಪೌಂಡ್ ಖರ್ಚು ಮಾಡಿದ್ದಳು. ನಮ್ಮಲ್ಲಿ ಲೋಕಾಯುಕ್ತ ಹಾಕುವ ಆದಾಯ ಮೀರಿದ ಆಸ್ತಿ ಕೇಸಿನ ತರ್ಕವೂ ಹೆಚ್ಚುಕಮ್ಮಿ ಇದೇ. ಸಂಬಳದ ಲೆಕ್ಕ ಮುಂದಿಟ್ಟು ಉಳಿದದ್ದು ಎಲ್ಲಿಂದ ಅಂತ ಕೇಳುವುದು. ನಾನು ಇದನ್ನು ಒಪ್ಪುತ್ತೇನೆ, ಆದರೆ ಒಂದು ಹೆದರಿಕೆಯೂ ಇದೆ. ಆಳುವವರು ತಮಗಾಗದವರ ಮೇಲೆ ಇದನ್ನೇ ಬಳಸಬಹುದು. ತಡೆಹಿಡಿದ ಆಸ್ತಿಯನ್ನು ವರ್ಷಗಟ್ಟಲೆ ವಿಚಾರಣೆಯೇ ಇಲ್ಲದೆ ಇಟ್ಟುಕೊಂಡರೆ ಅದೂ ಅನ್ಯಾಯವೇ. ಕೋರ್ಟಿನ ಕಣ್ಣು ಉದ್ದಕ್ಕೂ ಇರಬೇಕು.

ನಮ್ಮ ದೇಶದ ಮಾತು

ನಮ್ಮಲ್ಲಿ ಈ ಕೆಲಸದ ಮುಖ್ಯ ಕಾನೂನು 2002ರಲ್ಲಿ ಪಾಸಾಗಿ 2005ರ ಜುಲೈ 1ರಿಂದ ಜಾರಿಯಾದ ಪಿಎಂಎಲ್‌ಎ, ಅಂದರೆ ಕಪ್ಪು ಹಣ ಬಿಳಿ ಮಾಡುವುದನ್ನು ತಡೆಯುವ ಕಾನೂನು. ಇದನ್ನು ನಡೆಸುವ ಕೇಂದ್ರದ ಜಾರಿ ನಿರ್ದೇಶನಾಲಯ, ಅಂದರೆ ಇ.ಡಿ., ಆಸ್ತಿಯನ್ನು ಮೊದಲು 180 ದಿನದ ಮಟ್ಟಿಗೆ ತಡೆಹಿಡಿಯಬಹುದು, ಅಷ್ಟರಲ್ಲಿ ಈ ಕಾನೂನಿನಡಿಯ ಪ್ರಾಧಿಕಾರ ಅದನ್ನು ಖಾಯಂ ಮಾಡಬೇಕು. 2018ರಲ್ಲಿ ಇನ್ನೊಂದು ಕಾನೂನು ಬಂತು. 100 ಕೋಟಿ ಅಥವಾ ಅದಕ್ಕಿಂತ ದೊಡ್ಡ ಆರ್ಥಿಕ ಅಪರಾಧದ ಆರೋಪ ಹೊತ್ತು ದೇಶ ಬಿಟ್ಟವರು ಬರದಿದ್ದರೂ ಆಸ್ತಿ ಮುಟ್ಟುಗೋಲು ಹಾಕಬಹುದು.

ಇದರಲ್ಲಿ ಮೊದಲು ಘೋಷಣೆಯಾದ ಹೆಸರು ನಮ್ಮ ರಾಜ್ಯದ್ದೇ, ವಿಜಯ್ ಮಲ್ಯ. 2016ರ ಮಾರ್ಚಿನಲ್ಲಿ ಅವರು ಇಂಗ್ಲೆಂಡಿಗೆ ಹೋದರು, 2019ರ ಜನವರಿಯಲ್ಲಿ ಕೋರ್ಟು ಅವರನ್ನು ತಲೆಮರೆಸಿಕೊಂಡ ಆರ್ಥಿಕ ಅಪರಾಧಿ ಎಂದು ಘೋಷಿಸಿತು. ಆರೋಪಗಳನ್ನು ಅವರು ಒಪ್ಪಿಲ್ಲ. ಇದು ಬ್ಯಾಂಕ್ ಸಾಲದ ಕೇಸು, ಲಂಚದ್ದಲ್ಲ. ಆದರೆ ಪಾಠ ಒಂದೇ. 14,131 ಕೋಟಿ ರೂಪಾಯಿಗೂ ಜಾಸ್ತಿ ಸರ್ಕಾರಿ ಬ್ಯಾಂಕುಗಳಿಗೆ ಮರಳಿಸಲಾಗಿದೆ ಅಂತ ಹಣಕಾಸು ಸಚಿವೆ 2024ರ ಡಿಸೆಂಬರಿನಲ್ಲಿ ಲೋಕಸಭೆಗೆ ತಿಳಿಸಿದರು. ಅದು ಎಲ್ಲಿಂದ ಬಂತು? ದೊಡ್ಡ ಪಾಲು ಇಲ್ಲೇ ತಡೆಹಿಡಿದಿದ್ದ ಆಸ್ತಿಯಿಂದ. 2021ರ ಜೂನಿನಲ್ಲಿ ಯುನೈಟೆಡ್ ಬ್ರೂವರೀಸ್ ಷೇರು ಮಾರಿದ್ದರಿಂದಲೇ 5,800 ಕೋಟಿ ಬಂತು. ಮನುಷ್ಯ ಇನ್ನೂ ಲಂಡನ್ನಿನಲ್ಲಿದ್ದಾರೆ, ರೊಕ್ಕ ಬ್ಯಾಂಕಿಗೆ ಬಂದಿದೆ. ಆಸ್ತಿಯ ದಾರಿ ಬೇರೆ, ಆರೋಪಿಯ ದಾರಿ ಬೇರೆ ಅಂತ ಇದರಿಂದ ಚೆನ್ನಾಗಿ ಗೊತ್ತಾಗುತ್ತದೆ.

2025ರ ಜನವರಿಯಿಂದ ಇಂಟರ್‌ಪೋಲ್ ಸಿಲ್ವರ್ ನೋಟಿಸ್ ಅಂತ ಹೊಸದೊಂದು ಶುರುಮಾಡಿದೆ. ರೆಡ್ ಕಾರ್ನರ್ ನೋಟಿಸ್ ಮನುಷ್ಯನನ್ನು ಹುಡುಕುತ್ತದೆ, ಇದು ಅವನ ಮನೆ, ಗಾಡಿ, ಖಾತೆ, ಕಂಪನಿ ಹುಡುಕುತ್ತದೆ. ಪ್ರಯೋಗಕ್ಕೆ ಸೇರಿದ 52 ದೇಶಗಳಲ್ಲಿ ಭಾರತವೂ ಇದೆ.

ಬಂದ ಮೇಲೆ ಯಾರಿಗೆ?

ಮಾರ್ಕೋಸ್ ರೊಕ್ಕದ ಬಹುಪಾಲು ಭೂಸುಧಾರಣೆಗೆ ಹೋಯಿತು. 2013ರಲ್ಲಿ ಕಾನೂನು ಮಾಡಿ, ಅವನ ಕಾಲದಲ್ಲಿ ಜೈಲು, ಚಿತ್ರಹಿಂಸೆ ಅನುಭವಿಸಿದವರಿಗೆ 1,000 ಕೋಟಿ ಪೆಸೊ ಪರಿಹಾರವಾಗಿ ತೆಗೆದಿಟ್ಟರು. ಆ ವೇಳೆಗೆ ಎಷ್ಟೋ ಜನ ತೀರಿಕೊಂಡಿದ್ದರು.

ನೈಜೀರಿಯಾದ ಅನುಭವ ಇನ್ನೂ ಹೆಚ್ಚು ಕಲಿಸುತ್ತದೆ. ಅಬಾಚಾನ ಸ್ವಿಸ್ ರೊಕ್ಕದ ಮೊದಲ ದೊಡ್ಡ ಕಂತು 2005ರ ಸುಮಾರಿಗೆ ಬಂದಾಗ ನೇರ ಬಜೆಟ್ಟಿಗೆ ಸೇರಿತು. ಯಾವ ಊರಿನ ಯಾವ ಕೆಲಸಕ್ಕೆ ಎಷ್ಟು ಹೋಯಿತು ಅಂತ ಆಮೇಲೆ ಹುಡುಕುವುದೇ ಕಷ್ಟವಾಯಿತು. ಲೆಕ್ಕ ಬರೆಯುವವನಿಗೆ ಇದು ಗೊತ್ತಿರುವ ಸಂಗತಿ, ಸಾಮಾನ್ಯ ಖಾತೆಗೆ ಬಿದ್ದ ರೊಕ್ಕಕ್ಕೆ ಹೆಸರು ಉಳಿಯುವುದಿಲ್ಲ. ಅದಕ್ಕೇ ಮುಂದಿನ ಸಲ ಸ್ವಿಸ್ ಸರ್ಕಾರ ಷರತ್ತು ಹಾಕಿತು. 2017ರ ಕೊನೆಯಲ್ಲಿ ಒಪ್ಪಂದವಾದ 32 ಕೋಟಿ ಡಾಲರನ್ನು ವಿಶ್ವಬ್ಯಾಂಕಿನ ನಿಗಾದಲ್ಲಿ ಅತಿ ಬಡ ಮನೆಗಳಿಗೆ ತಿಂಗಳಿಗೆ 5,000 ನೈರಾದಂತೆ ಹಂಚಿದರು. ಅಲ್ಲಿನ ಸಂಘಸಂಸ್ಥೆಯವರು ಹಳ್ಳಿಗಳಿಗೆ ಹೋಗಿ, ಹೆಸರು ಹಿಡಿದು, ಮುಟ್ಟಿತೇ ಇಲ್ಲವೇ ಅಂತ ಕೇಳಿದರು. ಕಜಕಿಸ್ತಾನದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆರೋಪ ಹೊತ್ತವರೇ ಅಧಿಕಾರದಲ್ಲಿ ಇದ್ದುದರಿಂದ, ಸ್ವಿಟ್ಜರ್‌ಲ್ಯಾಂಡಿನಲ್ಲಿದ್ದ 8.4 ಕೋಟಿ ಡಾಲರನ್ನು ಸರ್ಕಾರಕ್ಕೆ ಕೊಡಲೇ ಇಲ್ಲ. ಬೋಟಾ ಎಂಬ ಪ್ರತಿಷ್ಠಾನ ಮಾಡಿ 2008ರಿಂದ 2014ರವರೆಗೆ ಬಡ ತಾಯಂದಿರು, ಮಕ್ಕಳು, ಕಾಲೇಜು ಹುಡುಗ ಹುಡುಗಿಯರಿಗೆ ತಲುಪಿಸಿದರು. ಎರಡು ಲಕ್ಷಕ್ಕೂ ಜಾಸ್ತಿ ಜನರಿಗೆ ಅದು ಮುಟ್ಟಿತು.

ಇನ್ನು ಡೆಲ್ಟಾ. ನೈಜೀರಿಯಾದ ತೈಲ ಸಿಗುವ ರಾಜ್ಯ ಅದು. ಜೇಮ್ಸ್ ಇಬೋರಿ 1999ರಿಂದ 2007ರವರೆಗೆ ಅದರ ಗವರ್ನರ್. 2009ರಲ್ಲಿ ಅಲ್ಲಿನ ಕೋರ್ಟು ಅವನನ್ನು 170 ಆರೋಪಗಳಿಂದಲೂ ಬಿಡುಗಡೆ ಮಾಡಿತು. ಮುಂದೆ ದುಬೈಯಲ್ಲಿ ಸಿಕ್ಕಿಬಿದ್ದು ಲಂಡನ್ನಿಗೆ ಹೋದವನು, 2012ರಲ್ಲಿ ಅಲ್ಲಿನ ಕೋರ್ಟಿನಲ್ಲಿ ತಾನೇ ತಪ್ಪೊಪ್ಪಿಕೊಂಡು 13 ವರ್ಷದ ಶಿಕ್ಷೆ ಪಡೆದ. 2021ರಲ್ಲಿ ಬ್ರಿಟನ್ ಆ ಕೇಸಿನ 42 ಲಕ್ಷ ಪೌಂಡ್ ವಾಪಸ್ ಕೊಡಲು ಒಪ್ಪಿದಾಗ ನೈಜೀರಿಯಾದ ಕೇಂದ್ರ ಸರ್ಕಾರ, ಇದನ್ನು ದೇಶದ ಮೂರು ದೊಡ್ಡ ರಸ್ತೆ, ಸೇತುವೆ ಕೆಲಸಕ್ಕೆ ಹಾಕುತ್ತೇವೆ ಅಂದಿತು. ಡೆಲ್ಟಾದವರು ಸಿಟ್ಟಿಗೆದ್ದರು. ಆ ಸೇತುವೆಯ ಒಂದು ತುದಿ ಡೆಲ್ಟಾದಲ್ಲೇ ಇದೆ, ನಿಜ. ಆದರೂ ಅವರ ಪ್ರಶ್ನೆ ನ್ಯಾಯವಾದದ್ದು. ಕದ್ದದ್ದು ನಮ್ಮ ಆಸ್ಪತ್ರೆಯ, ನಮ್ಮ ಶಾಲೆಯ ರೊಕ್ಕ, ಬಂದಾಗ ಅದು ಇನ್ನೊಬ್ಬರ ರಸ್ತೆಗೆ ಯಾಕೆ?

ಬಾಗಲಕೋಟೆಯವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟು, ನವನಗರದಲ್ಲೋ ಪುನರ್ವಸತಿ ಕೇಂದ್ರಗಳಲ್ಲೋ ಮನೆ ಕಟ್ಟಿಕೊಂಡ ಜನ ಇದ್ದಾರೆ. ಅಣೆಕಟ್ಟಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಇನ್ನಷ್ಟು ಹಳ್ಳಿಗಳ ಜಮೀನು ಹೋಗುತ್ತದೆ, ಇನ್ನಷ್ಟು ಪರಿಹಾರ ಹಂಚಬೇಕಾಗುತ್ತದೆ. ಅಷ್ಟು ದೊಡ್ಡ ಮೊತ್ತ ಓಡಾಡುವ ಕಡೆ ಮಧ್ಯವರ್ತಿಗಳು ಬಂದೇ ಬರುತ್ತಾರೆ. ನಾಳೆ ಅಂಥ ರೊಕ್ಕ ಕಳವಾಗಿ, ಎಲ್ಲೋ ಸಿಕ್ಕಿ, ಬೆಂಗಳೂರಿನ ಖಜಾನೆಗೆ ಜಮಾ ಆಯಿತು ಅಂದುಕೊಳ್ಳಿ. ಮುಳುಗಡೆಯಾದ ಊರಿನವನಿಗೆ ಏನು ಸಿಕ್ಕಿತು?

ಇದಕ್ಕೆ ಈಗ ಕಾನೂನಿನಲ್ಲಿ ಒಂದು ಬಾಗಿಲು ತೆರೆದಿದೆ, ಜಾಸ್ತಿ ಜನರಿಗೆ ಗೊತ್ತಿಲ್ಲ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 107ನೇ ಕಲಂ ಓದಿ. ಅಪರಾಧದಿಂದ ಬಂದದ್ದು ಅಂತ ಕಂಡ ಆಸ್ತಿಯನ್ನು ಕೋರ್ಟು ಜಪ್ತಿ ಮಾಡಬಹುದು. ಅಷ್ಟಕ್ಕೇ ನಿಲ್ಲದೆ, ಆ ಅಪರಾಧದಿಂದ ನಷ್ಟವಾದವರಿಗೆ ಅದನ್ನು ಹಂಚಿ ಅಂತ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ನಮ್ಮ ಡಿ.ಸಿ. ಅವರಿಗೆ ಹೇಳಬಹುದು. ಹಂಚಲು 60 ದಿನದ ಗಡುವು. ಕೇಳುವವರು ಯಾರೂ ಇಲ್ಲದಿದ್ದರೆ, ಇಲ್ಲವೇ ಕೊಟ್ಟು ಮಿಕ್ಕಿದರೆ, ಅದು ಸರ್ಕಾರಕ್ಕೆ. ಪಿಎಂಎಲ್‌ಎಯ 8ನೇ ಕಲಮಿನಲ್ಲೂ ನಷ್ಟವಾದ ಹಕ್ಕುದಾರರಿಗೆ ಆಸ್ತಿ ಮರಳಿಸುವ ಅವಕಾಶವಿದೆ. ಬ್ಯಾಂಕುಗಳು ರೊಕ್ಕ ಪಡೆದದ್ದು ಆ ದಾರಿಯಲ್ಲೇ.

ಬ್ಯಾಂಕಿಗೆ ವಕೀಲರಿದ್ದಾರೆ, ಕಾಗದ ಇದೆ. ರೈತನ ಹತ್ತಿರ ಏನಿದೆ? ಇದನ್ನೇ ನಾನು ನಮ್ಮ ಗಿರಾಕಿಗಳಿಗೆ ಹೇಳುವುದು. ಹಳೆಯ ಉತಾರ, ಭೂಸ್ವಾಧೀನದ ನೋಟಿಸು, ಐತೀರ್ಪಿನ ಪ್ರತಿ, ಪರಿಹಾರ ಜಮಾ ಆದ ಪಾಸ್‌ಬುಕ್ಕಿನ ಪುಟ, ಏಜೆಂಟನಿಗೆ ಕೊಟ್ಟದ್ದಿದ್ದರೆ ಯಾವತ್ತು ಎಷ್ಟು ಅಂತ ಬರೆದ ಚೀಟಿ, ಎಲ್ಲವನ್ನೂ ಒಂದು ಫೈಲಿನಲ್ಲಿ ಇಡಿ. ಮೊಬೈಲಿನಲ್ಲಿ ಫೋಟೊ ತೆಗೆದು ಮಗನಿಗೋ ಮಗಳಿಗೋ ಕಳಿಸಿ. ಸಹಿ ಹಾಕಿದ ಖಾಲಿ ಚೆಕ್ಕು ಯಾರ ಕೈಯಲ್ಲೂ ಬಿಡಬೇಡಿ. ಜಪ್ತಿಯಾದ ಆಸ್ತಿ ಹಂಚುವ ದಿನ ಡಿ.ಸಿ. ಕಚೇರಿಯಲ್ಲಿ ಮೊದಲು ಕೇಳುವುದು ಇದೇ ಕಾಗದಗಳನ್ನು.